ಕೂಸುಗಳ ಕಾವಲಿಗೆ ನಿಂತ ಬಾಳು: ಮಾರ್ಗರೆಟ್ ಮ್ಯಾಕ್‌ಮಿಲನ್

ಶಿಕ್ಷಣದ ಚರಿತ್ರೆಯನ್ನು ಓದುವ ವಿದ್ಯಾರ್ಥಿಯ ಕಣ್ಣಿಗೆ ರೂಸೋ, ಪೆಸ್ಟಲಾಟ್ಸಿ, ಫ್ರೋಬೆಲ್, ಮಾಂಟೆಸರಿ ಎಂಬ ಹೆಸರುಗಳು ಜಪಸರದ ಮಣಿಗಳಂತೆ ಒಂದರ ಬೆನ್ನಿಗೊಂದು ಬರುತ್ತವೆ. ಸರದ ತುದಿಯಲ್ಲಿ ಎಲ್ಲಿಯೋ ಮಾರ್ಗರೆಟ್ ಮ್ಯಾಕ್‌ಮಿಲನ್ ಎಂಬ ಹೆಸರು ಬಂದು, ಇಂಗ್ಲೆಂಡಿನಲ್ಲಿ ಬಯಲು ಶಿಶುವಿಹಾರವನ್ನು ಸ್ಥಾಪಿಸಿದವಳು ಎಂಬ ಒಂದೇ ಮಾತಿನೊಡನೆ ಮುಗಿದುಹೋಗುತ್ತದೆ. ಪರೀಕ್ಷೆಗೆ ಅಷ್ಟು ಸಾಕು. ಆದರೆ ಆ ಒಂದು ಮಾತಿನ ಹಿಂದೆ ಎಪ್ಪತ್ತು ವರ್ಷಗಳ ಬಾಳೊಂದಿದೆ. ಆ ಬಾಳನ್ನು ಕೊನೆಯವರೆಗೂ ಕಾಡಿದ ಪ್ರಶ್ನೆಯೊಂದಿದೆ. ಪಾಠಶಾಲೆಯ ಹೊಸ್ತಿಲನ್ನು ದಾಟಿ ಒಳಗೆ ಬರುವುದು ಮಗುವಿನ ಬುದ್ಧಿ ಮಾತ್ರವೆ? ಅದರ ಹಸಿವು, ಮೈಯ ಹುಣ್ಣು, ತಲೆಯ ಹೇನು, ನಿದ್ದೆಗೆಟ್ಟ ಕಣ್ಣು, ಮನೆಯ ದುಗುಡ, ಇವೆಲ್ಲವೂ ಅದರ ಜೊತೆಯಲ್ಲಿಯೇ ಬರುತ್ತವೆಯಲ್ಲವೆ? ಬರುವುದಾದರೆ ಅವುಗಳ ಹೊಣೆ ಯಾರದು? ಇದನ್ನು ಕೇಳಿದವರು ಆಕೆಗಿಂತ ಮೊದಲೂ ಇದ್ದರು. ಉತ್ತರವನ್ನು ಗ್ರಂಥದಲ್ಲಿ ಬರೆದು ಸುಮ್ಮನಾಗದೆ, ಬಿಸಿನೀರು, ಸಾಬೂನು, ಗಂಜಿ, ಹಾಲು, ಬಿಸಿಲುಗಳಿಂದ ಬರೆದು ತೋರಿಸಿದವರಲ್ಲಿ ಈಕೆ ಅಗ್ರಗಣ್ಯಳು.

ಮಾರ್ಗರೆಟ್ ಹುಟ್ಟಿದ್ದು ೧೮೬೦ರ ಜುಲೈ ೨೦ರಂದು, ಅಮೆರಿಕದ ನ್ಯೂಯಾರ್ಕ್ ಸಂಸ್ಥಾನದ ವೆಸ್ಟ್‌ಚೆಸ್ಟರ್ ಪ್ರಾಂತದಲ್ಲಿ. ತಂದೆ ತಾಯಿಗಳು ಸ್ಕಾಟ್ಲೆಂಡಿನ ಇನ್ವರ್ನೆಸ್ ಕಡೆಯಿಂದ ಬದುಕನ್ನು ಅರಸಿಕೊಂಡು ಕಡಲನ್ನು ದಾಟಿ ಬಂದವರು. ಅಕ್ಕ ರೇಚಲ್ ಒಂದು ವರ್ಷಕ್ಕೆ ಹಿರಿಯಳು. ಎಲಿಜಬೆತ್ ಎಂಬ ತಂಗಿಯೊಬ್ಬಳಿದ್ದಳು. ೧೮೬೫ರಲ್ಲಿ ಆ ನೆಮ್ಮದಿಯ ಮನೆಯ ಮೇಲೆ ಸಿಡಿಲೆರಗಿತು. ತಂದೆ ತೀರಿಕೊಂಡ; ಪುಟ್ಟ ತಂಗಿಯೂ ಹೋದಳು. ಕೆಂಪುಜ್ವರದ ಬಾಯಿಂದ ಮಾರ್ಗರೆಟ್ ಹೇಗೋ ಪಾರಾದಳು. ಆದರೆ ಅದು ಆಕೆಯ ಕಿವಿಗಳನ್ನು ಕಸಿದುಕೊಂಡು ಹೋಯಿತು. ಐದು ವರ್ಷದ ಕೂಸಿಗೆ ಲೋಕ ಇದ್ದಕ್ಕಿದ್ದಂತೆ ಮೌನವಾಯಿತು. ಮತ್ತೆ ಶ್ರವಣಶಕ್ತಿ ಮರಳಿದ್ದು ಆಕೆಗೆ ಹದಿನಾಲ್ಕು ವರ್ಷವಾದಾಗ. ವಿಧವೆಯಾದ ತಾಯಿ ಉಳಿದ ಇಬ್ಬರು ಮಕ್ಕಳನ್ನು ಕರೆದುಕೊಂಡು ಇನ್ವರ್ನೆಸ್ಸಿನ ತವರುಮನೆಯನ್ನು ಸೇರಿದಳು. ಅಲ್ಲಿಯೇ ಅಜ್ಜ ಅಜ್ಜಿಯರ ಆಶ್ರಯದಲ್ಲಿ ಇಬ್ಬರೂ ಬೆಳೆದರು.

ಒಂಬತ್ತು ವರ್ಷಗಳ ಆ ಕಿವುಡುತನವನ್ನು ಚರಿತ್ರಕಾರರು ಸಾಮಾನ್ಯವಾಗಿ ಒಂದು ವಾಕ್ಯದಲ್ಲಿ ಹೇಳಿ ಮುಂದೆ ಸಾಗುತ್ತಾರೆ. ಅಲ್ಲಿ ಸ್ವಲ್ಪ ನಿಲ್ಲಬೇಕೆಂದು ನನಗೆ ತೋರುತ್ತದೆ. ತರಗತಿಯಲ್ಲಿ ಕುಳಿತಿರುವ ಒಂದು ಮಗು ಉತ್ತರ ಕೊಡದೆ ಮಿಕಮಿಕ ನೋಡಿದರೆ ಅದನ್ನು ದಡ್ಡನೆಂದೋ ಹಟಮಾರಿಯೆಂದೋ ಎಣಿಸುವುದು ನಮಗೆಲ್ಲ ಸುಲಭ. ಅದರ ಕಿವಿ ಸೋರುತ್ತಿರಬಹುದು, ಮೂಗಿನ ಹಿಂದೆ ಗಡ್ಡೆ ಬೆಳೆದಿರಬಹುದು, ಕಣ್ಣಿಗೆ ಹಲಗೆಯ ಅಕ್ಷರ ಕಾಣದೆ ಇರಬಹುದು ಎಂಬ ಶಂಕೆ ಹುಟ್ಟುವುದು, ಆ ಕತ್ತಲೆಯಲ್ಲಿ ತಾನೂ ಒಮ್ಮೆ ಕುಳಿತಿದ್ದವನಿಗೆ. ಮುಂದೆ ಮಾರ್ಗರೆಟ್ ಸಾವಿರಾರು ಮಕ್ಕಳ ಕಿವಿ, ಕಣ್ಣು, ಹಲ್ಲುಗಳನ್ನು ವೈದ್ಯರಿಂದ ಪರೀಕ್ಷೆ ಮಾಡಿಸಿದಳು. ಆ ಹಂಬಲದ ಬೇರು ಇನ್ವರ್ನೆಸ್ಸಿನ ಆ ನಿಃಶಬ್ದ ವರ್ಷಗಳಲ್ಲಿ ಇದ್ದಿತೆಂದು ಊಹಿಸಿದರೆ ತಪ್ಪಾಗಲಾರದು.

ತಾಯಿ ೧೮೭೭ರಲ್ಲಿ ತೀರಿಕೊಂಡಳು. ಹಾಸಿಗೆ ಹಿಡಿದ ಅಜ್ಜಿಯ ಆರೈಕೆಗೆ ಅಕ್ಕ ಮನೆಯಲ್ಲಿ ನಿಂತಳು; ತಂಗಿ ಜರ್ಮನಿ, ಸ್ವಿಟ್ಜರ್ಲೆಂಡ್‌ಗಳಲ್ಲಿ ಸಂಗೀತವನ್ನೂ ಭಾಷೆಗಳನ್ನೂ ಕಲಿತು ಶ್ರೀಮಂತರ ಮನೆಗಳಲ್ಲಿ ಮಕ್ಕಳಿಗೆ ಪಾಠ ಹೇಳುವ ಕೆಲಸವನ್ನು ಹಿಡಿದಳು. ವಿದ್ಯಾವಂತೆಯಾದ ಬಡಹೆಣ್ಣಿಗೆ ಆ ಕಾಲದಲ್ಲಿ ತೆರೆದಿದ್ದ ಬಾಗಿಲು ಹೆಚ್ಚುಕಡಮೆ ಅದೊಂದೇ. ೧೮೮೭ರಲ್ಲಿ ರೇಚಲ್ ಎಡಿನ್‌ಬರೋದಲ್ಲಿ ಕ್ರೈಸ್ತ ಸಮಾಜವಾದದ ಉಪದೇಶವನ್ನು ಕೇಳಿದಳು. ದೀನರ ಸೇವೆಯೆಂದರೆ ಭಿಕ್ಷೆ ಹಾಕುವುದಲ್ಲ, ದೈನ್ಯದ ಕಾರಣವನ್ನೇ ಕೀಳುವುದು ಎಂಬ ಭಾವನೆ ಆಕೆಯ ಮನಸ್ಸಿನಲ್ಲಿ ಬೇರೂರಿತು. ಮರುವರ್ಷ ಅಜ್ಜಿ ಗತಿಸಿದ ಮೇಲೆ ಅಕ್ಕ ತಂಗಿಯರು ಲಂಡನ್ನಿನಲ್ಲಿ ಒಂದಾದರು. ರೇಚಲ್ ದುಡಿಯುವ ಹುಡುಗಿಯರ ವಸತಿಗೃಹವೊಂದರಲ್ಲಿ ಮೇಲ್ವಿಚಾರಕಿಯಾದಳು. ೧೮೮೯ರಲ್ಲಿ ಹಡಗುಕಟ್ಟೆಯ ಕೂಲಿಗಳು ಮುಷ್ಕರ ಹೂಡಿದಾಗ ಸೋದರಿಯರಿಬ್ಬರೂ ಅವರ ಪಕ್ಷದಲ್ಲಿ ನಿಂತರು. ವಿಲಿಯಂ ಮಾರಿಸ್, ಕ್ರೊಪಾಟ್ಕಿನ್ ಮೊದಲಾದವರ ಪರಿಚಯವಾದದ್ದು ಈ ದಿನಗಳಲ್ಲಿ. ಮಾರ್ಗರೆಟ್ ಸಿರಿವಂತ ಮಹಿಳೆಯೊಬ್ಬಳ ಆಶ್ರಯದಲ್ಲಿ ರಂಗಭೂಮಿಗೆ ತಕ್ಕ ಶಿಕ್ಷಣವನ್ನು ಪಡೆಯುತ್ತಿದ್ದಳು. ಆಕೆ ಹೈಡ್ ಪಾರ್ಕಿನಲ್ಲಿ ಕಾರ್ಮಿಕರ ಸಭೆಗೆ ಭಾಷಣ ಮಾಡಲು ಹೋದದ್ದೇ ಆ ಆಶ್ರಯಕ್ಕೆ ಮುಕ್ತಾಯವಾಯಿತು. ನಾಟಕಶಾಲೆ ಕಳೆದುಕೊಂಡ ಆ ಕಂಠವನ್ನು ಸಾರ್ವಜನಿಕ ವೇದಿಕೆ ಪಡೆಯಿತು. ಆಕೆಯ ಭಾಷಣವನ್ನು ಕೇಳಿದವರು ಕೊನೆಯವರೆಗೂ ಅದನ್ನು ಮರೆಯಲಿಲ್ಲ.

೧೮೯೩ರಲ್ಲಿ ಸೋದರಿಯರು ಉತ್ತರ ಇಂಗ್ಲೆಂಡಿನ ಬ್ರಾಡ್‌ಫರ್ಡ್ ನಗರಕ್ಕೆ ಹೋಗಿ ನೆಲೆಸಿದರು. ಉಣ್ಣೆಯ ಗಿರಣಿಗಳ ಊರು ಅದು. ಅದೇ ವರ್ಷದ ಜನವರಿಯಲ್ಲಿ ಕೇರ್ ಹಾರ್ಡಿಯ ಮುಂದಾಳುತನದಲ್ಲಿ ಸ್ವತಂತ್ರ ಕಾರ್ಮಿಕ ಪಕ್ಷ ಜನ್ಮ ತಾಳಿದ್ದೂ ಅಲ್ಲಿಯೇ. ಇಂಗ್ಲೆಂಡಿನ ಪ್ರಾಥಮಿಕ ಶಿಕ್ಷಣಕ್ಕೆ ತಳಹದಿಯಾದ ೧೮೭೦ರ ಶಾಸನವನ್ನು ತಂದ ಫಾರ್ಸ್ಟರ್ ಇದೇ ನಗರದ ಪ್ರತಿನಿಧಿಯಾಗಿದ್ದವನು. ೧೮೮೦ರಲ್ಲಿ ಶಾಲೆ ಕಡ್ಡಾಯವಾಯಿತು. ೧೮೯೧ರ ಹೊತ್ತಿಗೆ ಬಹುಮಟ್ಟಿಗೆ ಉಚಿತವೂ ಆಯಿತು. ಹೀಗೆ ಬೀದಿಯ ಮಕ್ಕಳನ್ನೆಲ್ಲ ಕಾನೂನು ಶಾಲೆಯೊಳಗೆ ತಂದು ಕೂಡಿಸಿತು. ಅಲ್ಲಿಯವರೆಗೆ ಗಿರಣಿಯ ಹೊಗೆಯಲ್ಲಿಯೂ ನೆಲಮಾಳಿಗೆಯ ಕತ್ತಲೆಯಲ್ಲಿಯೂ ಮರೆಯಾಗಿದ್ದ ಬಡತನ ಈಗ ಬೆಂಚುಗಳ ಮೇಲೆ ಸಾಲಾಗಿ ಕುಳಿತು ಎಲ್ಲರ ಕಣ್ಣಿಗೆ ಬೀಳತೊಡಗಿತು.

ಶಾಲಾ ಮಂಡಲಿಗಳ ಚುನಾವಣೆಯಲ್ಲಿ ಸ್ತ್ರೀಯರೂ ನಿಲ್ಲಬಹುದಾಗಿತ್ತು. ಸಂಸತ್ತಿಗೆ ಮತ ಕೊಡುವ ಹಕ್ಕಿಲ್ಲದ ಕಾಲದಲ್ಲಿ ಅವರಿಗಿದ್ದ ಅಧಿಕಾರದ ಕಿರುಬಾಗಿಲು ಅದು. ೧೮೯೪ರಲ್ಲಿ ಮಾರ್ಗರೆಟ್ ಕಾರ್ಮಿಕ ಪಕ್ಷದ ಅಭ್ಯರ್ಥಿಯಾಗಿ ನಿಂತು ಗೆದ್ದಳು. ಸದಸ್ಯೆಯಾದವಳು ಲೆಕ್ಕಪತ್ರಗಳ ಸಭೆಗಳಿಂದ ತೃಪ್ತಳಾಗದೆ ಶಾಲೆಗಳನ್ನು ಸುತ್ತತೊಡಗಿದಳು. ಆಕೆ ಕಂಡದ್ದಾದರೂ ಏನು? ಚಳಿಗಾಲದ ಮೊದಲಲ್ಲಿ ಮೈಗೆ ಹೊಲಿದು ಹಾಕಿದ ಬಟ್ಟೆಯನ್ನು ವಸಂತ ಬರುವ ತನಕ ಬಿಚ್ಚದ ಮಕ್ಕಳನ್ನು ಕಂಡಳು. ಕಜ್ಜಿ, ಹೇನು, ಸೋರುವ ಕಿವಿ, ಹುಳುಕು ಹಲ್ಲು, ಮೂಳೆ ಮೆತ್ತಗಾಗಿ ಬಾಗಿದ ಕಾಲುಗಳನ್ನು ಕಂಡಳು. ಅರೆಹೊತ್ತಿನ ಕೂಲಿಗಳೆಂಬ ಮಕ್ಕಳದು ಮತ್ತೊಂದು ಕಥೆ. ಬೆಳಗಿನ ಜಾವದಲ್ಲಿ ಎದ್ದು ಗಿರಣಿಯಲ್ಲಿ ಅರ್ಧ ದಿನ ದುಡಿದು, ಉಳಿದರ್ಧ ದಿನ ಶಾಲೆಗೆ ಬರಬೇಕೆಂಬುದು ಅಂದಿನ ನಿಯಮ. ಕಾಯಿದೆ ಈ ದುಡಿಮೆಗೆ ಗೊತ್ತುಮಾಡಿದ್ದ ಕನಿಷ್ಠ ವಯಸ್ಸು ೧೮೯೩ರಲ್ಲಿ ಹನ್ನೊಂದು, ೧೮೯೯ರಲ್ಲಿ ಹನ್ನೆರಡು. ಮಧ್ಯಾಹ್ನ ತರಗತಿಗೆ ಬಂದ ಆ ಹಸುಳೆಗಳು ಮೇಜಿನ ಮೇಲೆ ತಲೆಯಿಟ್ಟು ನಿದ್ರೆ ಹೋಗುತ್ತಿದ್ದವು. ಪದ್ಧತಿಯನ್ನೇ ತೊಡೆದುಹಾಕಬೇಕೆಂದು ಹೋರಾಡಿದವರಲ್ಲಿ ಮಾರ್ಗರೆಟ್ ಒಬ್ಬಳು. ಅದು ಸಂಪೂರ್ಣವಾಗಿ ಅಳಿಯುವುದಕ್ಕೆ ೧೯೧೮ರ ಶಾಸನದವರೆಗೆ ಕಾಯಬೇಕಾಯಿತು.

ಬ್ರಾಡ್‌ಫರ್ಡಿನ ಪುಣ್ಯಕ್ಕೆ ಅಲ್ಲಿ ಜೇಮ್ಸ್ ಕೆರ್ ಎಂಬ ವೈದ್ಯ ಶಾಲಾ ಮಂಡಲಿಯ ಸೇವೆಯಲ್ಲಿದ್ದನು. ಇಬ್ಬರೂ ಕೂಡಿ ಮಕ್ಕಳ ಮೈಯನ್ನು ಕ್ರಮವಾಗಿ ಪರೀಕ್ಷಿಸಿ ದಾಖಲೆ ಮಾಡುವ ಕೆಲಸವನ್ನು ನಡೆಸಿದರು. ಇಂಗ್ಲೆಂಡಿನ ಪ್ರಾಥಮಿಕ ಶಾಲೆಗಳಲ್ಲಿ ವೈದ್ಯಪರೀಕ್ಷೆಯ ಆರಂಭ ಇದೇ ಎಂದು ಸಾಮಾನ್ಯವಾಗಿ ಎಣಿಸುತ್ತಾರೆ. ಪರೀಕ್ಷೆಯ ಹಿಂದೆಯೇ ಸ್ನಾನದ ಮಾತು ಬಂದಿತು. ಶಾಲೆಯಲ್ಲಿ ಸ್ನಾನಗೃಹವೆ? ನಗರದ ತೆರಿಗೆದಾರರಿಗೆ ಅದೊಂದು ವಿನೋದವಾಗಿ ಕಂಡಿತು. ಅಕ್ಷರ ಕಲಿಸಿ ಎಂದು ಹಣ ಕೊಟ್ಟರೆ ಬಚ್ಚಲು ಕಟ್ಟುತ್ತೀರಲ್ಲ ಎಂದು ಆಡಿಕೊಂಡವರೂ ಉಂಟು. ಆದರೆ ಶತಮಾನ ಮುಗಿಯುವ ಮೊದಲೇ ಬ್ರಾಡ್‌ಫರ್ಡಿನ ವಾಪಿಂಗ್ ರಸ್ತೆಯ ಶಾಲೆಯಲ್ಲಿ ತುಂತುರು ಸ್ನಾನದ ಮನೆಯೂ ಈಜುವ ಕೊಳವೂ ಸಿದ್ಧವಾದವು. ಕೊಳೆ ಹೋದ ಮೈಯೊಡನೆ ಮಗುವಿನ ಮುಖಕ್ಕೆ ಬಂದ ಗೆಲವು ಹಲವು ಟೀಕಾಕಾರರ ಬಾಯಿಯನ್ನು ಮುಚ್ಚಿಸಿತು.

ಸ್ನಾನಕ್ಕಿಂತ ಕಠಿನವಾದದ್ದು ಅನ್ನದ ಪ್ರಶ್ನೆ. ಶಾಲಾ ಮಂಡಲಿಗಳು ತೆರಿಗೆಯ ಹಣದಿಂದ ಒಂದು ತುತ್ತನ್ನೂ ಕೊಡುವಂತಿರಲಿಲ್ಲ. ಧರ್ಮಸಂಘಗಳು ಅಲ್ಲಲ್ಲಿ ಊಟ ಹಾಕುತ್ತಿದ್ದವು. ಅದು ದಾನಿಗಳ ಮನಸ್ಸು ಬಂದಾಗ ಉಂಟು, ಇಲ್ಲದಾಗ ಇಲ್ಲ. ಸರಕಾರವೇ ಉಣಿಸಲಿ ಎಂದಾಗ ಎದ್ದ ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಮಕ್ಕಳಿಗೆ ಉಣಿಸುವುದು ತಾಯಿತಂದೆಗಳ ಧರ್ಮ. ಅದನ್ನು ಶಾಲೆ ವಹಿಸಿಕೊಂಡರೆ ಮನೆಯೆಂಬ ಸಂಸ್ಥೆಯ ಮೊಳೆಗಳೇ ಸಡಿಲವಾಗುತ್ತವೆ ಎಂಬುದು ಆ ವಾದ. ಸಜ್ಜನರಾದ ಎಷ್ಟೋ ಮಂದಿ ಇದನ್ನು ನಂಬಿದ್ದರು. ಮಾರ್ಗರೆಟ್ ಕೊಟ್ಟ ಉತ್ತರದ ಸಾರ ಇದು: ಹಸಿದ ಮಗುವನ್ನು ಶಾಲೆಗೆ ಬರಲೇಬೇಕೆಂದು ಬಲಾತ್ಕರಿಸುವ ರಾಜ್ಯ ಅದರ ಹಸಿವಿಗೆ ತಾನು ಹೊಣೆಯಲ್ಲ ಎನ್ನುವುದು ನ್ಯಾಯವಲ್ಲ. ಉಪವಾಸವಿರುವ ಮೆದುಳಿನ ಮೇಲೆ ಪಾಠವನ್ನು ಹೇರುವುದು ವ್ಯರ್ಥವಷ್ಟೇ ಅಲ್ಲ, ಕ್ರೌರ್ಯ. ಗಂಡ ಹೆಂಡಿರಿಬ್ಬರೂ ಹಗಲೆಲ್ಲ ದುಡಿದರೂ ಒಲೆ ಹೊತ್ತದ ಮನೆಯಲ್ಲಿ ತಾಯಿತಂದೆಗಳ ಧರ್ಮವನ್ನು ಸಡಿಲಿಸಿದ್ದು ಶಾಲೆಯ ಗಂಜಿಯಲ್ಲ, ಗಿರಣಿಯ ಕೂಲಿ.

೧೯೦೨ರ ಶಿಕ್ಷಣ ಶಾಸನ ಶಾಲಾ ಮಂಡಲಿಗಳನ್ನು ರದ್ದುಮಾಡಿತು. ಅವುಗಳ ಅಧಿಕಾರ ಪೌರಸಭೆ, ಜಿಲ್ಲಾ ಸಭೆಗಳ ಕೈಗೆ ಹೋಯಿತು. ಆ ಸಭೆಗಳಿಗೆ ಸ್ತ್ರೀಯರು ಚುನಾಯಿತರಾಗುವಂತಿರಲಿಲ್ಲ. ಎಂಟು ವರ್ಷ ಕಟ್ಟಿದ್ದ ಕೆಲಸ ಒಂದು ಲೇಖನಿಯ ಗೀಟಿನಿಂದ ಕೈತಪ್ಪಿತು. ಆರೋಗ್ಯವೂ ಕುಂದಿದ್ದ ಮಾರ್ಗರೆಟ್ ಬ್ರಾಡ್‌ಫರ್ಡನ್ನು ಬಿಟ್ಟು ಕೆಂಟ್ ಪ್ರಾಂತದಲ್ಲಿದ್ದ ಅಕ್ಕನನ್ನು ಸೇರಿದಳು. ರೇಚಲ್ ಇಷ್ಟರಲ್ಲಿ ಆರೋಗ್ಯ ಪರಿವೀಕ್ಷಕಿಯ ಶಿಕ್ಷಣವನ್ನು ಪಡೆದು, ಊರೂರು ತಿರುಗಿ ನೈರ್ಮಲ್ಯದ ಪಾಠವನ್ನು ಹೇಳುತ್ತಿದ್ದಳು. ತಂಗಿಯ ಸಾಹಸಗಳಿಗೆಲ್ಲ ಹಿಂದೆ ನಿಂತು ಅಕ್ಕಿ ಬೇಳೆಯ ಚಿಂತೆಯನ್ನು ಹೊತ್ತದ್ದು ಆಕೆಯ ಆ ಸಂಬಳ.

ಬಿತ್ತಿದ ಬೀಜ ಮಾತ್ರ ಸಾಯಲಿಲ್ಲ. ದಕ್ಷಿಣ ಆಫ್ರಿಕದ ಬೋಯರ್ ಯುದ್ಧಕ್ಕೆ ಸೈನಿಕರನ್ನು ಆರಿಸಹೊರಟಾಗ ಬಡವರ ಕೇರಿಗಳಿಂದ ಬಂದ ಯುವಕರಲ್ಲಿ ಎಷ್ಟೋ ಮಂದಿ ದೇಹಪರೀಕ್ಷೆಯಲ್ಲಿ ನಪಾಸಾದರು. ಮಕ್ಕಳ ಮರುಕದಿಂದ ಕರಗದ ರಾಜ್ಯ ಸೈನ್ಯದ ಭಯದಿಂದ ಎಚ್ಚೆತ್ತಿತು. ೧೯೦೬ರಲ್ಲಿ ಶಾಲೆಯ ಊಟಕ್ಕೆ ತೆರಿಗೆಯ ಹಣವನ್ನು ಬಳಸಲು ಸ್ಥಳೀಯ ಸಂಸ್ಥೆಗಳಿಗೆ ಅನುಮತಿ ಕೊಡುವ ಶಾಸನವಾಯಿತು. ಅದರ ಪರವಾಗಿ ಸಂಸತ್ತಿನಲ್ಲಿ ಮಾತನಾಡಿದವರಲ್ಲಿ ಬ್ರಾಡ್‌ಫರ್ಡಿನ ಫ್ರೆಡ್ ಜೊವೆಟ್ ಒಬ್ಬನು. ಮಾರ್ಗರೆಟ್ಟಳ ಹಳೆಯ ಸಹೋದ್ಯೋಗಿ. ಮರುವರ್ಷ ಬ್ರಾಡ್‌ಫರ್ಡಿನ ಗ್ರೀನ್ ಲೇನ್ ಶಾಲೆಯಲ್ಲಿ ಸುಮಾರು ೪೦ ಮಕ್ಕಳಿಗೆ ಬೆಳಗಿನ ಉಪಾಹಾರವನ್ನೂ ಮಧ್ಯಾಹ್ನದ ಊಟವನ್ನೂ ಕೊಟ್ಟು, ವೈದ್ಯರು ಅವರ ತೂಕವನ್ನು ಬರೆದಿಡುತ್ತ ಹೋದರು. ತೂಕ ಏರಿತು. ನಡುವೆ ರಜೆ ಬಂದು ಊಟ ನಿಂತ ದಿನಗಳಲ್ಲಿ ಇಳಿಯಿತು. ವರ್ಷಗಟ್ಟಲೆ ನಡೆದ ವಾಗ್ವಾದಕ್ಕೆ ತಕ್ಕಡಿಯೇ ತೀರ್ಪು ಕೊಟ್ಟಿತು. ೧೯೧೪ರಲ್ಲಿ ರಜೆಯ ದಿನಗಳಲ್ಲಿಯೂ ಊಟ ಕೊಡಲು ಕಾನೂನು ಒಪ್ಪಿತು.

೧೯೦೭ರ ಇನ್ನೊಂದು ಶಾಸನ ಶಾಲಾಮಕ್ಕಳ ವೈದ್ಯಪರೀಕ್ಷೆಯನ್ನು ಕಡ್ಡಾಯಮಾಡಿತು. ಶಿಕ್ಷಣ ಇಲಾಖೆಯ ಮುಖ್ಯಾಧಿಕಾರಿ ರಾಬರ್ಟ್ ಮೊರಾಂಟನ ಮನಸ್ಸನ್ನು ಒಲಿಸಲು ಮಾರ್ಗರೆಟ್ ಪಟ್ಟ ಶ್ರಮಕ್ಕೆ ಇದರಲ್ಲಿ ಪಾಲುಂಟು. ಆದರೆ ಆಕೆಗೆ ಇದರಿಂದ ಸಮಾಧಾನವಾಗಲಿಲ್ಲ. ರೋಗ ಇದೆಯೆಂದು ಚೀಟಿ ಬರೆದು ಮಗುವಿನ ಕೈಗೆ ಕೊಟ್ಟರೆ ತಾಯಿ ಅದನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕು? ವೈದ್ಯನಿಗೆ ಕೊಡಲು ಹಣವಿಲ್ಲ. ಆಸ್ಪತ್ರೆಯಲ್ಲಿ ಕಾದು ಕುಳಿತರೆ ಆ ದಿನದ ಕೂಲಿಯಿಲ್ಲ. ನೋಡುವುದಷ್ಟೇ ಸಾಲದು, ಗುಣಪಡಿಸಬೇಕು. ಅದೂ ಶಾಲೆಯ ಮಗ್ಗುಲಲ್ಲಿ. ಸಾಬೂನಿನ ವ್ಯಾಪಾರದಿಂದ ಸಂಪತ್ತು ಗಳಿಸಿದ್ದ ಜೋಸೆಫ್ ಫೆಲ್ಸ್ ಎಂಬ ಅಮೆರಿಕದ ದಾನಿ ನೆರವಿಗೆ ಬಂದನು. ೧೯೦೮ರಲ್ಲಿ ಪೂರ್ವ ಲಂಡನ್ನಿನ ಬೋ ಎಂಬಲ್ಲಿ ಶಾಲಾ ಚಿಕಿತ್ಸಾಲಯ ತೆರೆಯಿತು. ೧೯೧೦ರಲ್ಲಿ ಸೋದರಿಯರು ಥೇಮ್ಸ್ ನದಿಯ ದಡದ ಡೆಟ್‌ಫರ್ಡಿಗೆ ಬಂದು ಮತ್ತೊಂದನ್ನು ತೆರೆದರು. ಅಲ್ಲಿಂದ ಮುಂದೆ ಮಾರ್ಗರೆಟ್ಟಳ ಹೆಸರಿಗೆ ಅಂಟಿಕೊಂಡದ್ದು ಈ ಡೆಟ್‌ಫರ್ಡ್.

ಹದಿನೇಳನೆಯ ಶತಮಾನದಲ್ಲಿ ಜಾನ್ ಈವ್ಲಿನ್ ಎಂಬ ವಿದ್ವಾಂಸನ ಉದ್ಯಾನದಿಂದ ಪ್ರಸಿದ್ಧವಾಗಿದ್ದ ಊರದು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಅಲ್ಲಿ ಉದ್ಯಾನದ ಹೆಸರು ಬೀದಿಯ ಫಲಕದಲ್ಲಿ ಉಳಿದಿತ್ತು. ರಾಜನ ಹಡಗುಕಟ್ಟೆ ೧೮೬೯ರಲ್ಲಿಯೇ ಮುಚ್ಚಿತ್ತು. ಆ ಜಾಗದಲ್ಲಿ ಪರದೇಶದ ದನಗಳನ್ನು ತಂದು ಕಡಿಯುವ ದೊಡ್ಡ ಸಂತೆ ನಡೆಯುತ್ತಿತ್ತು. ಹೆಂಗಸರೂ ಹುಡುಗಿಯರೂ ಆ ಕಸಾಯಿಖಾನೆಗಳಲ್ಲಿ ಕರುಳು ತೊಳೆಯುವ ಕೂಲಿ ಮಾಡುತ್ತಿದ್ದರು. ಒಂದೊಂದು ಕೋಣೆಯಲ್ಲಿ ಒಂದೊಂದು ಸಂಸಾರ.

ಚಿಕಿತ್ಸಾಲಯದಲ್ಲಿ ಮಕ್ಕಳು ಗುಣವಾದರು. ಇಲ್ಲಿಯೇ ಮಾರ್ಗರೆಟ್ಟಳ ಬಾಳಿನ ಅತ್ಯಂತ ಕಹಿಯಾದ ಪಾಠ ಕಾದಿತ್ತು. ಗುಣವಾಗಿ ಹೋದ ಮಗು ಕೆಲವು ವಾರಗಳಲ್ಲಿ ಅದೇ ಕಜ್ಜಿಯೊಡನೆ, ಅದೇ ಕೀವು ತುಂಬಿದ ಕಣ್ಣಿನೊಡನೆ ಮರಳಿ ಬರುತ್ತಿತ್ತು. ಮುಲಾಮು ಹಚ್ಚಿದ ಮೈ ರಾತ್ರಿ ಮಲಗುವುದು ಅದೇ ಗಾಳಿಯಿಲ್ಲದ ಕೋಣೆಯಲ್ಲಿ, ನಾಲ್ಕಾರು ಜನ ಹಂಚಿಕೊಂಡ ಅದೇ ಹಾಸಿಗೆಯಲ್ಲಿ. ತೂತುಕೊಡಕ್ಕೆ ನೀರು ಸೇದಿದಂತಾಯಿತು ವೈದ್ಯನ ಕೆಲಸ. ೧೯೧೧ರಲ್ಲಿ ಸೋದರಿಯರು ಒಂದು ವಿಚಿತ್ರವೆನಿಸುವ ಉಪಾಯವನ್ನು ಹೂಡಿದರು. ಚಿಕಿತ್ಸಾಲಯದ ಹಿತ್ತಲಿನ ಪುಟ್ಟ ತೋಟದಲ್ಲಿ ಹುಡುಗಿಯರಿಗಾಗಿ ರಾತ್ರಿಯ ಬಿಡಾರವನ್ನು ಹಾಕಿದರು. ಶಾಲೆ ಬಿಟ್ಟ ಮೇಲೆ ಮಕ್ಕಳು ಬಂದು ಬಿಸಿನೀರಿನಲ್ಲಿ ಮಿಂದು, ಉಂಡು, ತೆರೆದ ಗಾಳಿಯಲ್ಲಿ ಮಲಗುವರು. ಬೆಳಿಗ್ಗೆ ಮುಖ ತೊಳೆದು ಗಂಜಿ ಕುಡಿದು ಶಾಲೆಗೆ ಹೋಗುವರು. ಅದರಿಂದ ಆದ ಲಾಭವೂ ಅದರ ಮಿತಿಯೂ ಬೇಗನೆ ತಿಳಿದುಬಂದವು. ಹತ್ತು ವರ್ಷದ ಹುಡುಗಿಯ ಬಾಗಿದ ಮೂಳೆ ನೆಟ್ಟಗಾಗುವುದಿಲ್ಲ. ಕೇಡು ಮೊಳೆಯುವುದು ಮೊದಲ ಐದು ವರ್ಷಗಳಲ್ಲಿ. ಕಾವಲೂ ಅಲ್ಲಿಯೇ ಬೇಕು. ಶಾಲೆಯ ವಯಸ್ಸಿಗೆ ಬಂದ ಮೇಲೆ ಮಗುವನ್ನು ರಕ್ಷಿಸಹೊರಡುವುದು ಬೆಂಕಿ ಬಿದ್ದ ಮೇಲೆ ಬಾವಿ ತೋಡಿದ ಹಾಗೆ.

ಹೀಗೆ ೧೯೧೪ರ ವಸಂತದಲ್ಲಿ ಬಯಲು ಶಿಶುವಿಹಾರ ಹುಟ್ಟಿತು. ಸ್ಟೋವೇಜ್ ಎಂಬ ಕೇರಿಯಲ್ಲಿ ಸುಮಾರು ಒಂದು ಎಕರೆಯ ಹಾಳುಭೂಮಿಯನ್ನು ಲಂಡನ್ ಪ್ರಾಂತಸಭೆ ಹೆಸರಿಗಷ್ಟೇ ಬಾಡಿಗೆ ಗೊತ್ತುಮಾಡಿ ಬಿಟ್ಟುಕೊಟ್ಟಿತು. ಮೊದಲ ದಿನಗಳಲ್ಲಿ ಬಂದವರು ಬೆರಳಲ್ಲಿ ಎಣಿಸುವಷ್ಟು ಮಕ್ಕಳು. ಅಲ್ಲಿ ಭವ್ಯವಾದ ಕಟ್ಟಡವಿಲ್ಲ. ಮೂರು ಕಡೆ ಗೋಡೆ, ಬಿಸಿಲ ಕಡೆಗೆ ತೆರೆದ ಮುಖ; ಇಂಥ ತಗ್ಗಾದ ಚಾವಡಿಗಳು ತೋಟದ ನಡುವೆ ಅಲ್ಲೊಂದು ಇಲ್ಲೊಂದು. ಸುತ್ತ ಹೂವಿನ ಪಾತಿ, ಕಾಯಿಪಲ್ಲೆಯ ಮಡಿ, ಘಮಘಮಿಸುವ ಮೂಲಿಕೆಗಳ ಸಾಲು, ಮರಳಿನ ಗುಡ್ಡೆ, ಪಾರಿವಾಳ, ಮೊಲ, ಕೋಳಿಗಳು. ತೋಟ ಅಲಂಕಾರವಲ್ಲ, ಅದೇ ಪಾಠಶಾಲೆ, ಚಾವಡಿ ಮಳೆಗೆ ಮರೆ. ಬೆಳಿಗ್ಗೆ ಎಂಟರ ಹೊತ್ತಿಗೆ ಮಕ್ಕಳು ಬರುವರು. ಮೊದಲು ಸ್ನಾನ, ಶುಭ್ರವಾದ ಮೇಲಂಗಿ, ಅನಂತರ ಗಂಜಿ ಮತ್ತು ಹಾಲು. ಆಮೇಲೆ ಆಟ, ಹಾಡು, ಗಿಡಗಳ ಆರೈಕೆ, ಬಣ್ಣಗಳ ಪರಿಚಯ, ಮಾತು. ಮಧ್ಯಾಹ್ನ ಊಟ, ಊಟವಾದ ಮೇಲೆ ಸಣ್ಣ ಸಣ್ಣ ಮಂಚಗಳ ಮೇಲೆ ನಿದ್ರೆ. ಸಂಜೆ ಮತ್ತೆ ತಿಂಡಿ. ದುಡಿದು ಬಂದ ತಾಯಿ ಐದೂವರೆಯ ಹೊತ್ತಿಗೆ ಮಗುವನ್ನು ಕರೆದುಕೊಂಡು ಹೋಗುವಳು. ಈ ಕಾಲಮಾನವೂ ಆಲೋಚಿಸಿ ಮಾಡಿದ್ದು. ಎರಡು ಮೂರು ಗಂಟೆ ನಡೆಯುವ ಶಿಶುಶಾಲೆ ಉಳ್ಳವರ ಮಕ್ಕಳಿಗೆ ಸರಿ. ಹಗಲೆಲ್ಲ ಕೂಲಿ ಮಾಡುವ ತಾಯಿಗೆ ಅದರಿಂದ ಆಗುವ ಉಪಕಾರವೇನು?

ಮಗುವನ್ನು ಮನೆಯಿಂದ ಬೇರೆ ಮಾಡಿ ಕಾಪಾಡುವುದು ಸಾಧ್ಯವಿಲ್ಲ ಎಂಬುದನ್ನು ಚಿಕಿತ್ಸಾಲಯ ಕಲಿಸಿತ್ತಷ್ಟೆ. ಆದುದರಿಂದ ಶಿಶುವಿಹಾರದ ಬಾಗಿಲು ತಾಯಂದಿರಿಗೂ ತೆರೆದಿತ್ತು. ಊಟದ ವೆಚ್ಚಕ್ಕೆಂದು ಅವರು ವಾರಕ್ಕೊಮ್ಮೆ ಸ್ವಲ್ಪ ಹಣವನ್ನು ಕೊಡುತ್ತಿದ್ದರು. ಅದು ಭಿಕ್ಷೆಯ ಅನ್ನವಲ್ಲ ಎಂಬ ಗೌರವ ಅವರಿಗುಳಿಯಿತು. ಅವರ ಕೂಟಗಳು ಅಲ್ಲಿ ಸೇರುತ್ತಿದ್ದವು. ಅಲ್ಲಿ ಕಲಿಯುವ ಉಪಾಧ್ಯಾಯಿನಿಯರು ಮಕ್ಕಳ ಮನೆಗಳಿಗೆ ಹೋಗಿ ಬರಬೇಕೆಂಬುದು ಕಟ್ಟಳೆ. ಹಾಗೆ ಹೋದವಳು ತಪ್ಪು ಹುಡುಕುವ ಅಧಿಕಾರಿಯಾಗಿ ಹೋಗಕೂಡದು. ಕಲಿಯುವ ಶಿಷ್ಯೆಯಾಗಿ ಹೋಗಬೇಕು. ಆ ಕೋಣೆಯಲ್ಲಿ ಒಲೆ ಎಲ್ಲಿದೆ, ನೀರು ಎಷ್ಟು ಮೆಟ್ಟಿಲು ಇಳಿದು ತರಬೇಕು, ರಾತ್ರಿ ಯಾರು ಎಲ್ಲಿ ಮಲಗುತ್ತಾರೆ ಎಂಬುದನ್ನು ಕಣ್ಣಾರೆ ಕಾಣದವಳು ಆ ಮಗುವಿನ ಸಿಡುಕನ್ನೂ ಮೌನವನ್ನೂ ಅರ್ಥಮಾಡಿಕೊಳ್ಳಲಾರಳು. ಬಡವರ ಶಾಲೆಗೆ ಕಡಮೆ ಓದಿದ ಅಗ್ಗದ ಉಪಾಧ್ಯಾಯರು ಸಾಕೆಂಬ ನಂಬಿಕೆಯನ್ನು ಆಕೆ ಒಪ್ಪಲಿಲ್ಲ. ಅತ್ಯಂತ ಚಿಕ್ಕ ಮಗುವಿಗೆ ಅತ್ಯಂತ ಚೆನ್ನಾಗಿ ಕಲಿತ ಗುರುವೇ ಬೇಕು ಎಂಬುದು ಆಕೆಯ ಹಟ.

ಶಿಶುವಿಹಾರ ಕಣ್ಣು ತೆರೆದ ವರ್ಷವೇ ಮಹಾಯುದ್ಧ ಆರಂಭವಾಯಿತು. ಮದ್ದುಗುಂಡಿನ ಕಾರ್ಖಾನೆಗಳಿಗೆ ತಾಯಂದಿರು ಬೇಕಾದರು. ಅವರ ಮಕ್ಕಳನ್ನು ನೋಡಿಕೊಳ್ಳುವುದಕ್ಕಾಗಿ ಸರಕಾರ ಶಿಶುವಿಹಾರಕ್ಕೆ ಸಹಾಯಧನವನ್ನು ಕೊಟ್ಟಿತು. ಶಾಂತಿಯಲ್ಲಿ ಬೇಡಿದರೂ ಸಿಗದ ಹಣ ಯುದ್ಧದಲ್ಲಿ ತಾನಾಗಿ ಬಂದಿತು. ಹಣದ ಹಿಂದೆಯೇ ಆಕಾಶದಿಂದ ಬಾಂಬುಗಳೂ ಬಂದವು. ಸೋದರಿಯರು ಆ ಕೇರಿಯನ್ನು ಬಿಟ್ಟು ಕದಲಲಿಲ್ಲ. ರೇಚಲ್ಲಳ ದೇಹ ಮಾತ್ರ ಈ ಭಾರವನ್ನು ತಾಳಲಾರದೆ ಹೋಯಿತು. ೧೯೧೭ರ ಮಾರ್ಚ್ ೨೫ರಂದು, ತಾನು ಹುಟ್ಟಿದ ದಿನದಂದೇ, ಐವತ್ತೆಂಟು ವರ್ಷ ತುಂಬಿದ ಹೊತ್ತಿನಲ್ಲಿ ಆಕೆ ಕಣ್ಣು ಮುಚ್ಚಿದಳು. ಮಾರ್ಗರೆಟ್ಟಳಿಗೆ ಗಂಡ ಮಕ್ಕಳೆಂಬ ಸಂಸಾರವಿರಲಿಲ್ಲ. ತಂದೆ ಸತ್ತ ಮನೆಯಿಂದ ಕೈಹಿಡಿದು ಬಂದ ಅಕ್ಕ ಒಬ್ಬಳೇ ಆಕೆಯ ಬಂಧು, ಬಳಗ, ಮನೆ ಎಲ್ಲವೂ ಆಗಿದ್ದಳು. ಶಿಶುವಿಹಾರಕ್ಕೆ ರೇಚಲ್ ಮ್ಯಾಕ್‌ಮಿಲನ್ನಳ ಹೆಸರನ್ನಿಟ್ಟು ತಂಗಿ ಮತ್ತೆ ಕೆಲಸಕ್ಕೆ ನಿಂತಳು. ಎಲ್ಲ ಮಕ್ಕಳನ್ನೂ ತಮ್ಮ ಮಕ್ಕಳೆಂದೇ ಭಾವಿಸಿ ಬೆಳೆಸಬೇಕೆಂಬುದು ಅಕ್ಕನ ಮಾತೆಂದು ಆಕೆ ಹೇಳಿಕೊಳ್ಳುತ್ತಿದ್ದಳು.

೧೯೧೮ರ ಶಿಕ್ಷಣ ಶಾಸನದಲ್ಲಿ ಶಿಶುವಿಹಾರಗಳಿಗೆ ಮೊತ್ತಮೊದಲಾಗಿ ಸ್ಥಾನ ದೊರೆಯಿತು. ೧೯೧೯ರಲ್ಲಿ ಮಾರ್ಗರೆಟ್ ಶಿಶುವಿಹಾರವನ್ನೇ ಕುರಿತ ತನ್ನ ಗ್ರಂಥವನ್ನು ಪ್ರಕಟಿಸಿದಳು. ೧೯೨೧ರಲ್ಲಿ ರಾಣಿ ಮೇರಿ ಡೆಟ್‌ಫರ್ಡಿಗೆ ಬಂದು ವಿಸ್ತರಿಸಿದ ಶಾಲೆಯನ್ನು ತೆರೆದಳು. ೧೯೨೩ರಲ್ಲಿ ಶಿಶುವಿಹಾರಗಳ ಸಂಘ ಸ್ಥಾಪಿತವಾದಾಗ ಮೊದಲ ಅಧ್ಯಕ್ಷತೆ ಆಕೆಗೆ ಸಂದಿತು. ಆದರೆ ಯುದ್ಧಾನಂತರದ ಸರಕಾರ ಕೈ ಬಿಗಿಹಿಡಿಯಿತು. ದೇಶದ ತುಂಬ ಸಾವಿರಾರು ಶಿಶುವಿಹಾರಗಳೇಳಬೇಕೆಂಬ ಆಕೆಯ ಕನಸು ನನಸಾಗಲಿಲ್ಲ. ಎದ್ದವು ಕೆಲವೇ ಕೆಲವು.

ಆಕೆಯ ಸ್ವಭಾವದಲ್ಲಿಯೂ ಕೊರತೆಗಳಿದ್ದವು. ಭಾವಾವೇಶದ ಭಾಷಣದಲ್ಲಿ ಅಂಕಿಅಂಶಗಳ ಅಂಚು ಕೆಲವೊಮ್ಮೆ ಮಸುಕಾಗುತ್ತಿತ್ತು. ತಾನು ಪ್ರೀತಿಸಿದ ಬಡವರನ್ನು ಕುರಿತೇ ಆಕೆಯ ಬರಹದಲ್ಲಿ ಆಗಾಗ ಕಠೋರವಾದ ಮಾತುಗಳು ನುಸುಳಿವೆ. ನೂರಾರು ಮಕ್ಕಳಿರುವ, ಹಗಲೆಲ್ಲ ನಡೆಯುವ ದೊಡ್ಡ ಶಿಶುವಿಹಾರವೇ ಸರಿ ಎಂಬ ಆಕೆಯ ಅಭಿಪ್ರಾಯಕ್ಕೂ, ಚಿಕ್ಕದಾದ ಶಾಲೆಯೇ ಲೇಸೆಂದ ಸಹೋದ್ಯೋಗಿಗಳ ಅಭಿಪ್ರಾಯಕ್ಕೂ ಹೊಂದಲಿಲ್ಲ. ತಾನೇ ಮೊದಲ ಅಧ್ಯಕ್ಷೆಯಾಗಿದ್ದ ಸಂಘದಿಂದ ಆಕೆ ಆ ದಶಕದ ಕೊನೆಯಲ್ಲಿ ದೂರವಾದಳು. ಹಟವಿಲ್ಲದೆ ಹೋಗಿದ್ದರೆ ಡೆಟ್‌ಫರ್ಡಿನ ತೋಟ ಏಳುತ್ತಿರಲಿಲ್ಲ. ಆ ಹಟವೇ ಮುಪ್ಪಿನಲ್ಲಿ ಆಕೆಯನ್ನು ಒಂಟಿಯಾಗಿಸಿತು.

ಕೊನೆಯ ಆಸೆಯೊಂದು ಮಾತ್ರ ಕೈಗೂಡಿತು. ಶಿಶುವಿಹಾರದ ಗುರುಗಳನ್ನು ಸಿದ್ಧಗೊಳಿಸುವ ರೇಚಲ್ ಮ್ಯಾಕ್‌ಮಿಲನ್ ಶಿಕ್ಷಣ ಕಾಲೇಜನ್ನು ೧೯೩೦ರಲ್ಲಿ ರಾಣಿ ಮೇರಿಯೇ ಉದ್ಘಾಟಿಸಿದಳು. ಮರುವರ್ಷ, ೧೯೩೧ರ ಮಾರ್ಚ್ ೨೯ರಂದು ಮಾರ್ಗರೆಟ್ ತೀರಿಕೊಂಡಳು. ಅಕ್ಕ ಹೋದದ್ದೂ ಅದೇ ತಿಂಗಳ ಕೊನೆಯ ದಿನಗಳಲ್ಲಿ, ಹದಿನಾಲ್ಕು ವರ್ಷಗಳ ಹಿಂದೆ. ಡೆಟ್‌ಫರ್ಡಿಗೆ ಸಮೀಪದ ಬ್ರಾಕ್ಲಿಯ ಶ್ಮಶಾನದಲ್ಲಿ ಇಬ್ಬರೂ ಒಟ್ಟಿಗೆ ಮಲಗಿದ್ದಾರೆ.

ಈಗ ಹಿಂದಿರುಗಿ ನೋಡಿದರೆ ಮಾರ್ಗರೆಟ್ಟಳ ಬಾಳಿನ ದಾರಿ ಸ್ಪಷ್ಟವಾಗಿ ಕಾಣುತ್ತದೆ. ಆಕೆ ತರಗತಿಯ ಬೆಂಚಿನಿಂದ ಹೊರಟಳು. ಬೆಂಚಿನ ಮೇಲೆ ಹಸಿದ ಮೈಯನ್ನು ಕಂಡಳು; ಮೈಯ ಹಿಂದೆ ರೋಗವನ್ನು, ರೋಗದ ಹಿಂದೆ ಮನೆಯನ್ನು, ಮನೆಯ ಹಿಂದೆ ಕೂಲಿಯನ್ನು ಕಂಡಳು. ಪ್ರತಿಯೊಂದು ಹೆಜ್ಜೆಯಲ್ಲಿಯೂ ಹಿಂದಿನ ಯತ್ನ ಸೋತಿತ್ತು. ಆ ಸೋಲನ್ನು ಮುಚ್ಚಿಡದೆ ಅದರಿಂದಲೇ ಮುಂದಿನ ಹೆಜ್ಜೆಯನ್ನು ಕಲಿತಳು. ಶಾಲೆಗೆ ವೈದ್ಯ ಬರುವುದು, ಊಟ ಬರುವುದು, ಅಧ್ಯಾಪಕಿ ಮನೆಗೆ ಹೋಗಿ ತಾಯಿಯೊಡನೆ ಮಾತನಾಡುವುದು ಇಂದು ನಮಗೆ ಸಾಮಾನ್ಯವಾದ ಸಂಗತಿಗಳು. ಇವುಗಳಲ್ಲಿ ಒಂದೊಂದಕ್ಕೂ ಯಾರೋ ಹಿಂದೆ ಹಾಸ್ಯಕ್ಕೆ ಗುರಿಯಾಗಿ ಹೆಣಗಿದ್ದರು ಎಂಬುದನ್ನು ಮರೆಯಬಾರದು.

ಕೊನೆಗೊಂದು ಸಂಗತಿ. ೧೯೨೭ರಲ್ಲಿ ಮಾರ್ಗರೆಟ್ ಅಕ್ಕನ ಜೀವನಚರಿತ್ರೆಯನ್ನು ಬರೆದಳು. ಅದರಲ್ಲಿ ಹೇಳಿರುವ ಘಟನೆಗಳಲ್ಲಿ ಎಷ್ಟೋ ಆಕೆಯವೇ. ಬ್ರಾಡ್‌ಫರ್ಡಿನ ಶಾಲೆಗಳು, ಡೆಟ್‌ಫರ್ಡಿನ ರಾತ್ರಿಗಳು, ಎಲ್ಲವೂ ಅಲ್ಲಿವೆ. ಆದರೆ ಪುಸ್ತಕದ ಮೇಲಿರುವುದು ರೇಚಲ್ಲಳ ಹೆಸರು. ಶಾಲೆಯ ಮೇಲೆ, ಕಾಲೇಜಿನ ಮೇಲೆ ಇದ್ದದ್ದೂ ಆ ಹೆಸರೇ. ತನ್ನ ಕಥೆಯನ್ನು ಹೇಳಿಕೊಳ್ಳುವ ಪ್ರಸಂಗ ಬಂದಾಗಲೂ ಆಕೆ ಅಕ್ಕನ ಹಿಂದೆ ನಿಂತು ಹೇಳಿದಳು. ನಮ್ಮ ಪಠ್ಯಪುಸ್ತಕಗಳು ಆಕೆಗೆ ಒಂದೇ ಸಾಲನ್ನು ಕೊಟ್ಟಿದ್ದರೆ ಅದಕ್ಕಾಗಿ ಆಕೆ ಬೇಸರಪಡುತ್ತಿರಲಿಲ್ಲವೇನೊ. ಆ ಸಾಲನ್ನು ಓದುವಾಗ, ಎದುರಿಗೆ ಕುಳಿತಿರುವ ಮಕ್ಕಳಲ್ಲಿ ಯಾರಿಗೆ ಸರಿಯಾಗಿ ಕೇಳಿಸುತ್ತಿಲ್ಲ, ಯಾರು ಬೆಳಿಗ್ಗೆ ಏನನ್ನೂ ತಿಂದಿಲ್ಲ ಎಂದು ಉಪಾಧ್ಯಾಯನು ಒಮ್ಮೆ ತಲೆಯೆತ್ತಿ ನೋಡಿದರೆ ಆಕೆಗೆ ಅಷ್ಟೇ ಸಾಕಾಗಿತ್ತು.